ನಮ್ಮೋರ ಕಾರಿಂಗೆ ಗೇಜು ಹಿಡಿವಲಾಗದೋ?

ಅಕ್ಕಂದ್ರೇ, ಅತ್ತೆಕ್ಕಳೇ, ತಂಗೆಕ್ಕಳೇ, ಈ ಸರ್ತಿ ಉಪ್ಪಿನಕಾಯಿಯೂ ಅಲ್ಲ, ಹಪ್ಪಳವೂ ಅಲ್ಲ. ಈ ಸರ್ತಿ ರಜ್ಜ ಜಗಳ. ಎಂತರ ಜಗಳ ಹೇಳಿ ನಿಂಗಳಲ್ಲಿ ಅರ್ಧ ಜೆನಕ್ಕೆ ಗೊಂತಿಕ್ಕು, ಎಂತಕೆ ಹೇಳಿರೆ ಸುದ್ದಿ ಎನ್ನಂದ ಮದಲೇ ಊರಿಂಗೆ ಎತ್ತಿದ್ದು. "ಅಬ್ಬೆ-ಮಗಳು ಸೇರಿ ಮೆಲ್ಬೋರ್ನಿಲ್ಲಿ ನಮ್ಮೋರ ಪೈಕಿ ಒಬ್ಬನ ಕಾರಿನ ಚಕ್ರ ಬಿಚ್ಚಿದವಡ, ಪ್ಲಗ್ಗು ತೆಗದು ಎಂತದೋ ಮೀಟರು ಹಿಡುದವಡ, ಮತ್ತೆ ಕಾರು ಬೇಡ ಹೇಳಿಕ್ಕಿ ಬಂದವಡ." ಸುದ್ದಿ ಸರಿಯೇ ಇದ್ದು. ಅದಕ್ಕೆ ಹಾಕಿದ ಒಗ್ಗರಣೆ ಸರಿ ಇಲ್ಲೆ.

ಒಗ್ಗರಣೆಲಿ ಮೂರು ಸಾಮಾನು. ನಮ್ಮೋರ ಮೇಲೆಯೂ ನಂಬಿಕೆ ಇಲ್ಲೆಯೋ ಹೇಳಿ ಒಂದು. ಹೆಮ್ಮಕ್ಕೊಗೆ ಎಂಜಿನಿನ ಪಂಚಾತಿಕೆ ಎಂತಕೆ ಹೇಳಿ ಇನ್ನೊಂದು. ಸರಕಾರದ ಸರ್ಟಿಫಿಕೇಟು ಇಪ್ಪಗ ಮತ್ತೆಂತರ ಪರೀಕ್ಷೆ ಹೇಳಿ ಮತ್ತೊಂದು. ಫೋನು ಮಾಡಿದ ಅತ್ತೆಗೆ ಅಂದು ಆನು ಎದುರು ಮಾತಾಡಿದ್ದಿಲ್ಲೆ, ಹೆರಿಯೋರು ಹೇಳಿ. ಇಲ್ಲಿ ಬರೆತ್ತೆ. ಅವುದೆ ಓದ್ತವು ಹೇಳಿ ಗೊಂತಿದ್ದೇ ಬರೆತ್ತೆ.

ಎನ್ನ ಮಾತು ಇಷ್ಟೇ: ರೋಟರಿ ಎಂಜಿನು ಇಪ್ಪ ಹಳೆ ಕಾರಿನ, ಕೊಡುವವ ಒಡಹುಟ್ಟಿದ ಅಣ್ಣನೇ ಆಗಿರಳಿ, 6 ಅಂಕೆ ಕಣ್ಣಾರೆ ಕಾಣದ್ದೆ ತೆಕ್ಕೊಂಬಲಾಗ. ಆ 6 ಅಂಕೆ ಏವುದು, ಎಲ್ಲಿಂದ ಬತ್ತು ಹೇಳಿ ಮುಂದೆ ಹೇಳ್ತೆ.

ನಂಬಿಕೆಯ ಮಾತಿನ ಮದಲು ಮುಗುಶುವೊ. ನಾವು ಅಂಗಡಿಲಿ ತೆಂಗಿನಕಾಯಿಯ ಕೆಮಿಯ ಹತ್ರೆ ಹಿಡುದು ಕುಲುಕ್ಕಿ ನೋಡ್ತಿಲ್ಲೆಯೋ? ಅಡಕ್ಕೆ ಕೊಂಡೋದರೆ ಸಾಹುಕಾರ ನಾಲ್ಕು ಅಡಕ್ಕೆಯ ತುಂಡು ಮಾಡಿ ಒಳಾಣ ಬಣ್ಣ ನೋಡ್ತ. ಅವ ನಮ್ಮ ಭಾವನೇ ಆದರೂ ನೋಡ್ತ. ಅಜ್ಜಿ ಕೊಟ್ಟ ಬಳೆಯನ್ನೂ ಆಚಾರಿ ಒರೆಗಲ್ಲಿಂಗೆ ತಿಕ್ಕದ್ದೆ ಕ್ರಯ ಹೇಳ. ಅಂಬಗ ಆರಿಂಗೂ ಪಿಸುರು ಬತ್ತಿಲ್ಲೆ, ಅಜ್ಜಿಗೆ ಮರ್ಯಾದೆ ಹೋತು ಹೇಳಿ ಆರೂ ಕಣ್ಣೀರು ಹಾಕುತ್ತವಿಲ್ಲೆ. ಕೂಸಿನ ಜಾತಕವ ಮೂರು ಜೋಯಿಸರಿಂಗೆ ತೋರ್ಸುವ ನಾವು, ಕೂಸು ಎರಡು ವರ್ಷ ರಾತ್ರಿಪಾಳಿ ಮಾಡಿ ಒಟ್ಟುಹಾಕಿದ ಪೈಸೆಯ ಮಾತ್ರ ಕಣ್ಣುಮುಚ್ಚಿ ಕೊಡೆಕ್ಕಡ. ಎಂತಕೆ? ಮಾರುವವನ ಅಬ್ಬೆಯೂ ನಮ್ಮ ಚಿಕ್ಕಮ್ಮನೂ ಒಂದೇ ಶಾಲೆಲಿ ಕಲ್ತ ಕಾರಣ. ಇದು ನಂಬಿಕೆ ಅಲ್ಲ, ದಾಕ್ಷಿಣ್ಯ. ನಂಬಿಕೆ ಇಪ್ಪವಂಗೆ ಪರೀಕ್ಷೆಯ ಹೆದರಿಕೆ ಇರ್ತಿಲ್ಲೆ.

ಮತ್ತೆ ಒಂದು ವಿಷಯ ಸ್ಪಷ್ಟ ಮಾಡ್ತೆ. ಎಂಗೊ ಕದ್ದು ಬಿಚ್ಚಿದ್ದಲ್ಲ. ಮಗಳು ಎರಡು ದಿನ ಮದಲೇ ಮೆಸೇಜು ಮಾಡಿ ಕೇಳಿತ್ತು, ಮಾರುವ ಮಾಣಿ "ಅಕ್ಕು" ಹೇಳಿತ್ತಿದ್ದ. ಜಾಕಿಯ ಅವನೇ ತಂದುಕೊಟ್ಟ. ಅವನ ಹೆಂಡತಿ ಎಂಗೊಗೆ ಕಾಪಿಯೂ ಕೊಟ್ಟಿದು, ಪಾಪ.

ಈಗ ಎಂಜಿನಿನ ವಿಷಯಕ್ಕೆ ಬಪ್ಪೊ. ಮಗಳು ಕಾಲೇಜಿಂಗೆ ಹೋಪಗಂದಲೇ ಮರುಳು ಹಿಡುಶಿಗೊಂಡ ಕಾರಿನ ಹೆಸರು ಮಾಜ್ದಾ ಆರ್‌ಎಕ್ಸ್-8. ಜಪಾನಿಲ್ಲಿ 2003ರಿಂದ 2012ರ ವರೆಗೆ ಮಾಡಿದ ಕಾರು. ಊರಿಲ್ಲಿ ಆನು ಒಂದನ್ನೂ ಕಂಡಿದಿಲ್ಲೆ. ಆಸ್ಟ್ರೇಲಿಯಲ್ಲಿ ಹಳತ್ತು ಮಾರ್ಲೆ ಇರ್ತು, ಕ್ರಯವೂ ಕೈಗೆ ಎಟಕುವ ಹಾಂಗಿರ್ತು. ಕ್ರಯ ಎಂತಕೆ ಎಟಕುತ್ತು ಹೇಳಿರೆ, ಎಲ್ಲೋರಿಂಗೂ ಅದರ ಎಂಜಿನಿನ ಹೆದರಿಕೆ.

ನಮ್ಮ ಮಾರುತಿ, ನಮ್ಮ ಸ್ಕೂಟರು, ತೋಟದ ಪಂಪು, ಎಲ್ಲದರಲ್ಲಿಯೂ ಇಪ್ಪದು ಪಿಸ್ಟನು. ಅದು ಒನಕೆಯ ಹಾಂಗೆ ಮೇಲೆ-ಕೆಳ ಹೋಪದು. ರೋಟರಿಲಿ ಒನಕೆ ಇಲ್ಲೆ, ಕಡವ ಕಲ್ಲು ಇಪ್ಪದು. ಕೈಲಿ ಉದ್ದಿನಹಿಟ್ಟು ಕಡದವಕ್ಕೆ ಇದು ಒಂದೇ ಸರ್ತಿಗೆ ಅರ್ಥ ಅಕ್ಕು, ಗ್ರೈಂಡರು ಬಂದ ಮತ್ತೆ ಹುಟ್ಟಿದೋರಿಂಗೆ ರಜ್ಜ ಬಂಙ. ಗುಂಡುಕಲ್ಲು ಗುಂಡಿಯ ಬರಿಗೆ ಅಂಟಿಗೊಂಡು, ತಾನೂ ತಿರುಗಿಗೊಂಡು, ಸುತ್ತು ಬತ್ತನ್ನೆ? ಅದೇ ನಮೂನೆ. ಇಲ್ಲಿ ಗುಂಡುಕಲ್ಲಿಂಗೆ ಮೂರು ಮೂಲೆ, ಹೆಸರು ರೋಟರು. ಗುಂಡಿಯೂ ಸರೀ ಉರುಟು ಅಲ್ಲ, ನಡು ರಜ್ಜ ಒತ್ತಿದ ಹಾಂಗೆ, ನೆಲಕಡಲೆಯ ಚೋಲಿಯ ಆಕಾರ. ಮೂರು ಮೂಲೆಯೂ ಏವಗಳೂ ಗೋಡಗೆ ತಾಗಿಗೊಂಡೇ ಇರ್ತು. ಹಾಂಗಾಗಿ ರೋಟರಿಂಗೂ ಗೋಡಗೂ ನಡುಕೆ ಮೂರು ಕೋಣೆ. ಒಂದು ಕೋಣಗೆ ಗಾಳಿ-ಪೆಟ್ರೋಲು ಬಂದುಗೊಂಡಿಪ್ಪಗ ಇನ್ನೊಂದು ಕೋಣೆಲಿ ಒತ್ತಿ ಕಿಡಿ ಹಾರುತ್ತು, ಮತ್ತೊಂದರಂದ ಹೊಗೆ ಹೆರ ಹೋವ್ತು. ಆರ್‌ಎಕ್ಸ್-8ರಲ್ಲಿ ಹೀಂಗಿಪ್ಪ ರೋಟರು ಎರಡು. ಎರಡು ಮೂರ್ಲ ಆರು. ಆನು ಹೇಳಿದ 6 ಅಂಕೆ ಇದೇ, ಕೋಣೆಗೊಂದು.

ಒಂದು ಕೋಣೆಯ ಒತ್ತಡ ಇನ್ನೊಂದಕ್ಕೆ ಹೋಗದ್ದ ಹಾಂಗೆ ಮೂಲೆ ಮೂಲೆಗೆ ಒಂದೊಂದು ಸಪುರ ಪಟ್ಟಿ ಇದ್ದು, ಏಪೆಕ್ಸ್ ಸೀಲು ಹೇಳ್ತವು. ಹಿಂದಂದ ಒಂದು ಸ್ಪ್ರಿಂಗು ಅದರ ಗೋಡಗೆ ಒತ್ತಿ ಹಿಡಿತ್ತು. ಬರಿಗೊಕ್ಕೆ ಬೇರೆ ಸೀಲು ಇದ್ದು. ಈ ಎಂಜಿನಿನ ಜೀವ ಇಪ್ಪದು ಈ ಪಟ್ಟಿಗಳಲ್ಲಿ. ಕುಕ್ಕರಿನ ಗ್ಯಾಸ್ಕೆಟು ಸಡಿಲ ಆದರೆ ಎಂತ ಆವ್ತು ಹೇಳಿ ನವಗೆ ಆರೂ ಹೇಳಿಕೊಡೆಕ್ಕು ಹೇಳಿ ಇಲ್ಲೆ. ಬುಡಲ್ಲಿ ಕಿಚ್ಚಿದ್ದು, ಒಳ ಬೇಳೆ ಇದ್ದು, ನೀರಿದ್ದು, ಆದರೆ ಸೀಟಿ ಇಲ್ಲೆ. ಬರಿಯಂದ ಪುಸುಪುಸು ಹೇಳಿ ಹೋಪದು. ಹೆರಂದ ನೋಡಿರೆ ಕುಕ್ಕರು ಹೊಳಕ್ಕೊಂಡೇ ಇರ್ತು. ಎಂಜಿನುದೆ ಹಾಂಗೆ. ಬಣ್ಣ ಹೊಳೆತ್ತು, ಸೀಟಿಂಗೆ ಹೊಸ ಕವರು ಹಾಕಿರ್ತವು, ಸ್ಟಾರ್ಟುದೆ ಆವ್ತು. ಒಳ ಬೇಳೆ ಬೆಂದಿದಿಲ್ಲೆ.

ಸೀಲಿನ ಈ ರೋಗ ಇಂದಿನದ್ದಲ್ಲ. ಫೆಲಿಕ್ಸ್ ವಾಂಕೆಲ್ ಹೇಳ್ತ ಜರ್ಮನಿಯವನ ಎಂಜಿನು ಎನ್‌ಎಸ್‌ಯು ಕಂಪೆನಿಲಿ 1957ರಲ್ಲಿ ಮದಲು ತಿರುಗಿದ್ದು. ಆ ಕಂಪೆನಿ 1967ರಲ್ಲಿ ರೋ 80 ಹೇಳಿ ಒಂದು ಚೆಂದದ ಕಾರು ಮಾಡಿತ್ತು, ಸೀಲು ಸವದು ಗ್ಯಾರಂಟಿಲಿ ಎಂಜಿನು ಬದಲುಸಿ ಬದಲುಸಿ ಬಚ್ಚಿತ್ತು. ಅದೂ ಒಂದು ಕಾರಣ ಆಗಿ 1969ರಲ್ಲಿ ಫೋಕ್ಸ್‌ವ್ಯಾಗನಿನ ಕೈಗೆ ಹೋತು. ಜಪಾನಿನವು ಅದೇ ಎಂಜಿನಿನ ತೆಕ್ಕೊಂಡು ಹಠ ಹಿಡುದವು. ಸುರುವಿಂಗೆ ಗೋಡೆಲಿ ಸಾಲು ಸಾಲು ಗೀರು ಬೀಳುಗಡ, ಅದರ ಅವು ದೆವ್ವದ ಉಗುರಿನ ಗುರ್ತ ಹೇಳಿ ಹೇಳುಗಡ. ಸೀಲಿನ ಬದಲುಸಿ ಬದಲುಸಿ ಅಕೇರಿಗೆ 1967ರಲ್ಲಿ ಕಾಸ್ಮೋ ಸ್ಪೋರ್ಟ್ ಹೇಳಿ ಮಾರಾಟಕ್ಕೆ ಬಿಟ್ಟವು. 1991ರಲ್ಲಿ ಫ್ರಾನ್ಸಿನ ಲೆ ಮಾನ್ಸಿಲ್ಲಿ 24 ಗಂಟೆಯ ಪಂದ್ಯವನ್ನೂ ರೋಟರಿ ಎಂಜಿನಿಲ್ಲಿಯೇ ಗೆದ್ದವು. ಹಾಂಗಾಗಿ ಇದು ದಂಡ ಎಂಜಿನು ಹೇಳುವವರ ಮಾತನ್ನೂ ಆನು ಒಪ್ಪೆ. ಎಂಗಳ ಯಜಮಾನ್ರು ಈಗಲೂ ಹೇಳ್ತವು, "ಟೊಯೊಟಾ ತೆಕ್ಕೊಂಬಲೆ ಎಂತ ದಾಡಿ?" ಹೇಳಿ. ಅದು ಬೇರೆ ಜಗಳ, ಮನೆ ಒಳಾಣದ್ದು.

ಆರ್‌ಎಕ್ಸ್-8ರ ವಿಷಯಲ್ಲಿಯೂ ಅಮೇರಿಕಲ್ಲಿ 2004ರಿಂದ 2008ರ ವರೆಗಾಣ ಕಾರುಗಳ ಎಂಜಿನಿಂಗೆ ಗ್ಯಾರಂಟಿಯ 8 ವರ್ಷ ಅಥವಾ 1 ಲಕ್ಷ ಮೈಲಿಗೆ ಕಂಪೆನಿಯೇ ಏರ್ಸಿತ್ತು. ಮಾಡಿದವಕ್ಕೇ ಈ ಸೀಲುಗಳ ಲೆಕ್ಕ ಹಾಕೆಕ್ಕಾಗಿ ಬಂದಿಪ್ಪಗ, ತೆಕ್ಕೊಂಬ ನಾವು ಕೇಳಿರೆ ಅವಮಾನವೋ?

ಸರ್ಟಿಫಿಕೇಟಿನ ಮಾತು. ವಿಕ್ಟೋರಿಯಾ ರಾಜ್ಯಲ್ಲಿ ಹಳೆ ಕಾರಿನ ಮಾರುವಗ ರೋಡ್‌ವರ್ದಿ ಸರ್ಟಿಫಿಕೇಟು ಕೊಡೆಕ್ಕು, 30 ದಿನ ಒಳಾಣದ್ದಾಯೆಕ್ಕು. ಒಳ್ಳೆದೇ. ಅದರಲ್ಲಿ ಬ್ರೇಕು, ಟಯರು, ಸ್ಟಿಯರಿಂಗು, ಲೈಟು, ಸೀಟುಬೆಲ್ಟು, ಗ್ಲಾಸು ಇದರ ಎಲ್ಲ ನೋಡ್ತವು. ರಸ್ತೆಲಿ ಹೋಪಗ ಆರನ್ನೂ ಕೊಲ್ಲ ಹೇಳಿ ಅದರ ಅರ್ಥ. ಎಂಜಿನು ಇನ್ನೆಷ್ಟು ಸಮಯ ಬಕ್ಕು ಹೇಳಿ ಅದರಲ್ಲಿ ಇಲ್ಲೆ. ಇದು ಗಾಡಿಯ ಒಟ್ಟು ಆರೋಗ್ಯದ ಪರೀಕ್ಷೆ ಅಲ್ಲ ಹೇಳಿ ಅಲ್ಯಾಣ ಸಾರಿಗೆಯವೇ ಹೇಳ್ತವು. ರೇಷನ್ ಕಾರ್ಡಿನ ತೋರ್ಸಿ ಬೀಪಿ ಸರಿ ಇದ್ದು ಹೇಳಿದ ಹಾಂಗಾತು.

ಈಗ ಪರೀಕ್ಷೆ ಮಾಡ್ತ ಕ್ರಮ. ಪಿಯುಸಿ ಆರ್ಟ್ಸು ಓದಿದ ಎನಗೆ ತಿಳುದ್ದು ನಿಂಗೊಗೆ ತಿಳಿಯದ್ದೆ ಇರ. ಆದರೆ ಎಂಜಿನಿನ ಒಂದಾರಿಯೂ ಮುಟ್ಟದ್ದೋರು ಒಬ್ಬನೇ ಮಾಡ್ಲಾಗ. ಸ್ಪ್ಯಾನರು ಹಿಡುದು ಗೊಂತಿಪ್ಪೋರು ಒಬ್ಬ ಜತೆಲಿ ಬೇಕು.

ಕಾರಿನ ಮದಲು ಓಡುಸೆಕ್ಕು, ಬೆಶಿಯ ಸೂಜಿ ನಡುವಿಂಗೆ ಬಂದು ನಿಂಬಷ್ಟು. ತಣ್ಪಿಲ್ಲಿ ನೋಡಿರೆ ಲೆಕ್ಕ ತಪ್ಪುಗು. ಬೆಶಿ ಅಪ್ಪಗಳೇ ಒಂದು ಗುಟ್ಟು ಗೊಂತಾವ್ತು. ಕಾರಿನ ಆಫ್ ಮಾಡಿ ಹತ್ತು ಮಿನಿಟು ಬಿಟ್ಟು ಪುನಃ ಸ್ಟಾರ್ಟ್ ಮಾಡಿ. ಸೀಲು ಸವದ ರೋಟರಿ ತಣ್ಪಿಲ್ಲಿ ಚೆಂದಕೆ ಸ್ಟಾರ್ಟ್ ಆವ್ತು, ಬೆಶಿಲಿ ಮುರುಟುತ್ತು. ಎಂಗೊ ನೋಡಿದ ಕಾರಿನವ "ಆಫ್ ಮಾಡೆಡಿ ಆಂಟಿ, ಓಡ್ಲಿ" ಹೇಳಿ ಎರಡು ಸರ್ತಿ ಹೇಳಿದ. ಅಂಬಗಳೇ ಎನ್ನ ಕೆಮಿ ಕುತ್ತ ಆತು.

ಮತ್ತೆ ಕಾರಿನ ಎಡ ಹೊಡೆಯ ಎದುರಾಣ ಚಕ್ರ ಬಿಚ್ಚೆಕ್ಕು, ಪ್ಲಗ್ಗು ಇಪ್ಪದು ಆ ಹೊಡೆಲಿ. ಜಾಕಿಯ ಒಂದರನ್ನೇ ನಂಬಿ ಕೆಳ ಕೈ ಹಾಕಲಾಗ, ಸ್ಟ್ಯಾಂಡು ಕೊಟ್ಟೇ ಕೆಲಸ. ಪೆಟ್ರೋಲು ಪಂಪಿನ ಫ್ಯೂಸು ತೆಗವದು, ಕಿಡಿ ಕೊಡುವ ಕಾಯಿಲಿನ ವಯರು ತಪ್ಪುಸುದು. ಇದು ಬಿಟ್ಟರೆ ಪೆಟ್ರೋಲು ಹೆರ ಚೆಲ್ಲಿ ಕಿಚ್ಚು ಹಿಡಿವಲೂ ಸಾಕು. ಬ್ಯಾಟರಿ ತುಂಬ ಚಾರ್ಜು ಇರೆಕ್ಕು. ಒಂದು ರೋಟರಿಂಗೆ ಎರಡು ಪ್ಲಗ್ಗು. ಒಂದರ ತೆಗದು ಆ ಒಟ್ಟಗೆ ಕಂಪ್ರೆಶನ್ ಗೇಜು ಪಿರ್ಕುಸುದು, ಇನ್ನೊಂದು ಪ್ಲಗ್ಗು ಅಲ್ಲೇ ಇರಳಿ. ಕೈಗೆ ಗವುಸು ಹಾಕಿಗೊಳ್ಳಿ, ಅಲ್ಲಿ ಎಲ್ಲ ಬೆಶಿ ಇರ್ತು. ಒಬ್ಬ ಒಳ ಕೂದು ಕ್ಲಚ್ಚನ್ನೂ ಎಕ್ಸಲೇಟರನ್ನೂ ಅಡಿವರೆಗೆ ಮೆಟ್ಟಿ ಕೀ ತಿರುಗುಸೆಕ್ಕು, ಐದಾರು ಸೆಕೆಂಡು. ಅದಕ್ಕೂ ಹೆಚ್ಚು ತಿರುಗುಸಿದರೆ ಸ್ಟಾರ್ಟರು ಬೆಂದು ಹೋಕು. ಎಂಗಳಲ್ಲಿ ಒಳ ಕೂದ್ದು ಆನು, ಗೇಜಿನ ಹತ್ರೆ ಮಗಳು.

ಇಲ್ಲಿ ಒಂದು ಮುಖ್ಯ ವಿಷಯ ಇದ್ದು. ಗ್ಯಾರೇಜುಗಳಲ್ಲಿಯೂ ಎಲ್ಲೋರೂ ಇದರ ಮಾಡ್ತವಿಲ್ಲೆ, ಅದಕ್ಕೆ ಎನಗೆ ಪಿಸುರು. ಸಾಮಾನ್ಯ ಗೇಜಿನ ಪೈಪಿಲ್ಲಿ ಸೈಕ್ಲಿನ ಟ್ಯೂಬಿಲ್ಲಿಪ್ಪ ನಮೂನೆಯ ಒಂದು ಸಣ್ಣ ವಾಲ್ವು ಇದ್ದು. ಹತ್ತಿದ ಒತ್ತಡವ ಅದು ಕೆಳ ಇಳಿವಲೆ ಬಿಡ್ತಿಲ್ಲೆ. ಪಿಸ್ಟನಿಂಗೆ ಅದು ಸರಿ, ಒನಕೆ ಒಂದೇ ಅಲ್ಲದೋ? ರೋಟರಿಲಿ ಅದೇ ಒಟ್ಟೆಯ ಎದುರು ಮೂರು ಕೋಣೆಯೂ ಒಂದಾದ ಮತ್ತೆ ಒಂದು ಬತ್ತು. ವಾಲ್ವು ಇದ್ದರೆ ಗೇಜು ತೋರ್ಸುದು ಮೂರರಲ್ಲಿ ಗಟ್ಟಿ ಇಪ್ಪ ಕೋಣೆಯ ಅಂಕೆಯ ಮಾತ್ರ. ಮೂರು ಮಕ್ಕಳ ಪೈಕಿ ಲಾಯ್ಕಲ್ಲಿ ಓದುವ ಒಂದರ ಮಾರ್ಕು ಹೇಳಿ "ಎಂಗಳ ಮಕ್ಕೊ ಎಲ್ಲವೂ ಪಾಸು" ಹೇಳಿದ ಹಾಂಗೆ. ಆ ಒಂದು ಅಂಕೆ ಬರದ ಚೀಟಿಯ ಹಿಡುದು "ಟೆಸ್ಟು ಮಾಡ್ಸಿದ್ದು" ಹೇಳ್ತವು. ಅಂಥ ಚೀಟಿಯ ಒಲಗೆ ಹಾಕಿ.

ಆ ವಾಲ್ವಿನ ತೆಗದರೆ ಸೂಜಿ ನಿಲ್ಲುತ್ತಿಲ್ಲೆ, ಹಾರುತ್ತು. ಒಂದು, ಎರಡು, ಮೂರು, ಪುನಃ ಒಂದು, ಎರಡು, ಮೂರು. ಸ್ಟಾರ್ಟರು ಮಿನಿಟಿಂಗೆ 250 ಸುತ್ತು ತಿರುಗುಸಿದರೆ ಸೆಕೆಂಡಿಂಗೆ ನಾಲ್ಕು ಸರ್ತಿಯಷ್ಟು ಹಾರುತ್ತು, ಕಣ್ಣಿಂಗೆ ಹಿಡಿವಲೆ ಎಡಿಯ. ಫೋನಿಲ್ಲಿ ನಿಧಾನದ ವಿಡಿಯೊ ತೆಗದು ಮತ್ತೆ ನೋಡೆಕ್ಕು. ಪುಳ್ಳಿಯಕ್ಕೊ ಡ್ಯಾನ್ಸಿನ ವಿಡಿಯೊ ತೆಗೆತ್ತವನ್ನೆ, ಅದೇ. ಮೂರು ಹಾರಾಟವೂ ಒಂದೇ ಎತ್ತರ ಇದ್ದರೆ ಆ ರೋಟರು ಸಮ ಇದ್ದು. ಒಂದು ಲಾಯ್ಕ ಹಾರಿ ಎರಡು ಮಗುಚ್ಚಿರೆ ಏಪೆಕ್ಸ್ ಸೀಲು ಹೋಯಿದು ಹೇಳಿ ಸಂಶಯ ಮಾಡೆಕ್ಕು. ಎಂತಕೆ ಎರಡು? ಮೂಲೆಯ ಪಟ್ಟಿ ಎರಡು ಕೋಣೆಯ ನಡುವಾಣ ಗೋಡೆ ಅಲ್ಲದೋ, ಗೋಡೆ ಜರುದರೆ ಎರಡು ಹೊಡೆಗೂ ಹಾಳು. ಒಂದೇ ಕೋಣೆ ಕಮ್ಮಿ ಆದರೆ ಬರಿಯ ಸೀಲಿನ ಸಂಶಯ. ಮೂರೂ ಒಟ್ಟಿಂಗೆ ಕೆಳ ಇದ್ದರೆ ಎಂಜಿನಿಂಗೆ ಪ್ರಾಯ ಆತು.

ಗೇಜೇ ಇಲ್ಲದ್ದರೆ ಕೆಮಿ ಇದ್ದು. ಪ್ಲಗ್ಗು ತೆಗದ ಒಟ್ಟೆಂದ ಗಾಳಿ ಛಫ್, ಛಫ್, ಛಫ್ ಹೇಳಿ ಒಂದೇ ತಾಳಲ್ಲಿ ಬರೆಕ್ಕು. ಛಫ್, ಪುಸ್, ಪುಸ್ ಹೇಳಿ ಬಂದರೆ ಕಾಪಿ ಕುಡುದು ಹೆರಡಿ.

ಆದರೆ ಮನೆಯ ಈ ಪರೀಕ್ಷೆ ಹೇಳುದು ಸಮ ಇದ್ದೋ ಇಲ್ಲೆಯೋ ಹೇಳಿ ಮಾತ್ರ. ಸರಿಯಾದ ಅಂಕೆ ಬೇಕಾದರೆ ರೋಟರಿಗೇ ಹೇಳಿ ಇಪ್ಪ ಎಲೆಕ್ಟ್ರಾನಿಕ್ ಗೇಜು ಬೇಕು, ರೋಟರಿ ಕೆಲಸ ಮಾಡ್ತವರ ಹತ್ರೆ ಇರ್ತು. ಅದು ಮೂರು ಕೋಣೆಯ ಅಂಕೆಯನ್ನೂ ಸ್ಟಾರ್ಟರು ತಿರುಗಿದ ವೇಗವನ್ನೂ ಒಟ್ಟಿಂಗೆ ಕೊಡ್ತು. ವೇಗ ಇಲ್ಲದ್ದ ಅಂಕೆ ಉಪ್ಪಿಲ್ಲದ್ದ ಕೊದಿಲು. ಸ್ಟಾರ್ಟರು ಬೇಗ ತಿರುಗಿದರೆ ಅಂಕೆ ತನ್ನಷ್ಟಕ್ಕೇ ಏರುತ್ತು, ಹೊಸ ಗಟ್ಟಿ ಸ್ಟಾರ್ಟರು ಹಾಕಿ ಬಚ್ಚಿದ ಎಂಜಿನಿನ ಚೆಂದ ಕಾಣ್ಸುಲೆ ಎಡಿಗು. ಹಾಂಗಾಗಿ ಎಲ್ಲವನ್ನೂ 250 ಸುತ್ತಿನ ಲೆಕ್ಕಕ್ಕೆ ತಂದು ನೋಡುದು. ಮಾಜ್ದಾದ ರಿಪೇರಿ ಪುಸ್ತಕಲ್ಲಿ ಆರ್‌ಎಕ್ಸ್-8ಕ್ಕೆ ಕೊಟ್ಟದು ಇಷ್ಟು: ಚದರ ಸೆಂಟಿಮೀಟರಿಂಗೆ 8.5 ಕಿಲೊ ಇದ್ದರೆ ಸರಿಯಾದ್ದು, 6.9ಂದ ಕೆಳ ಹೋದರೆ ಎಂಜಿನು ಪಾಸು ಅಲ್ಲ. ಒಂದೇ ರೋಟರಿನ ಮೂರು ಕೋಣಗೊಕ್ಕೆ ತಮ್ಮೊಳ 1.5ಂದ ಹೆಚ್ಚು ವ್ಯತ್ಯಾಸ ಬಪ್ಪಲಾಗ, ಎರಡು ರೋಟರುಗೊಕ್ಕೆ 1.0ಂದ ಹೆಚ್ಚು ಬಪ್ಪಲಾಗ. ಈ ನಾಲ್ಕು ಅಂಕೆಯ ಎನ್ನ ಅಡಿಗೆ ಪುಸ್ತಕದ ಅಕೇರಿ ಪುಟಲ್ಲಿ ಬರದು ಮಡಗಿದ್ದೆ, ಅಪ್ಪೆಮೆಡಿಯ ಉಪ್ಪಿನ ಲೆಕ್ಕದ ಕೆಳ.

ಎಂಗೊ ನೋಡಿದ ಆ ಕಾರಿಲ್ಲಿ ಎದುರಾಣ ರೋಟರು ಸಮಕ್ಕೇ ಇತ್ತು. ಹಿಂದಾಣದ್ದರಲ್ಲಿ ಸೂಜಿ ಒಂದರಿ ಮೇಲಂಗೆ ಹೋತು, ಮತ್ತೆರಡು ಸರ್ತಿ ಅರ್ಧಕ್ಕೇ ಕೂದತ್ತು. ಇನ್ನೊಂದಾರಿ ನೋಡಿದೆಯೊ, ಮತ್ತೊಂದಾರಿ ನೋಡಿದೆಯೊ. ವಿಡಿಯೊವ ಆ ಮಾಣಿಗೂ ತೋರ್ಸಿದೆಯೊ. ಅವನ ಮೋರೆ ಸಣ್ಣ ಆತು. ಅವಂಗೂ ಗೊಂತಿತ್ತಿಲ್ಲೆ ಹೇಳಿ ಎನಗೆ ಕಾಣ್ತು, ಅವನೂ ಆರನ್ನೋ ನಂಬಿ ಹೀಂಗೇ ತೆಕ್ಕೊಂಡಿಕ್ಕು. ಎಂಜಿನು ಬಿಚ್ಚಿ ಹೊಸ ಸೀಲು ಹಾಕುಸುಲೆ ಅಲ್ಲಿ ಬೀಳ್ತ ಖರ್ಚು ಆ ಕಾರಿನ ಕ್ರಯದ ಹತ್ತರತ್ತರೆ ಬತ್ತು. ಮಗಳು ಮರ್ಯಾದಿಲಿಯೇ ಹೇಳಿತ್ತು, "ಎಂಜಿನು ಮಾಡ್ಸೆಕ್ಕು ಹೇಳಿ ಬರದು ಅದಕ್ಕೆ ತಕ್ಕ ಕ್ರಯಕ್ಕೆ ಮಾರು ಅಣ್ಣಾ, ತೆಕ್ಕೊಂಬವು ಇರ್ತವು" ಹೇಳಿ. ಅವ ತಲೆ ಆಡ್ಸಿದ. ಅವಂಗೆ ಬೇಜಾರಾದ್ದಕ್ಕಿಂತ ಹೆಚ್ಚು ಬೇಜಾರು ಇಲ್ಲಿ ಊರಿಲ್ಲಿ ಆತು, ಕಾರನ್ನೇ ಕಾಣದ್ದೋರಿಂಗೆ.

ಈಗ ಅತ್ತೆ ಹೇಳಿದ ಹೆಮ್ಮಕ್ಕಳ ವಿಷಯ. ಗ್ಯಾಸಿನ ಸಿಲಿಂಡರು ಬಂದರೆ ಸಾಬೂನಿನ ನೊರೆ ಹಾಕಿ ಗುಳ್ಳೆ ಬತ್ತೋ ನೋಡುದು ಆರು? ಕುಕ್ಕರಿನ ಸೀಟಿಲಿ ಒಂದು ಸೊರ ವ್ಯತ್ಯಾಸ ಆದರೆ ಚಾವಡಿಲಿ ಕೂದೋರಿಂಗೆ ಗೊಂತಾವ್ತೋ, ಅಡಿಗೆ ಒಳ ಇಪ್ಪ ನವಗೆ ಗೊಂತಾವ್ತೋ? ದನ ಮೇವು ಬಿಟ್ಟರೆ, ಪಂಪು ಶಬ್ದ ಬದಲುಸಿದರೆ, ಮಿಕ್ಸಿಯ ಬುಶ್ಶು ಸವದರೆ ಮದಲು ಕೇಳುದು ನಮ್ಮ ಕೆಮಿಗೆ. ಮೂವತ್ತು ವರ್ಷ ಒತ್ತಡದ ಪಾತ್ರದ ಎದುರು ನಿಂದೋರಿಂಗೆ ಒತ್ತಡದ ಪರೀಕ್ಷೆ ಅರ್ಥ ಆಗ ಹೇಳಿ ಹೇಳುದು ಏವ ನ್ಯಾಯ? ಮತ್ತೆ ಕಾರು ದಾರಿಲಿ ನಿಂದರೆ ರಾತ್ರಿ ಹನ್ನೊಂದು ಗಂಟಗೆ ಪಾಳಿ ಮುಗುಶಿ ಬಪ್ಪ ಎನ್ನ ಮಗಳು ಆ ಚಳಿಲಿ ರಸ್ತೆ ಕರೆಲಿ ನಿಲ್ಲೆಕ್ಕು. ಪಂಚಾತಿಕೆ ಬೇಡ ಹೇಳಿದೋರು ಆರೂ ಅಲ್ಲಿ ಹೋಗಿ ಜತೆಲಿ ನಿಲ್ಲವು.

ಮಗಳು ಕಡೆಂಗೆ ತೆಕ್ಕೊಂಡದು ಒಬ್ಬ ಗ್ರೀಕಿನ ಅಜ್ಜನ ಕಾರು. ನಮ್ಮೋರು ಅಲ್ಲ, ಮದಲು ಕಂಡು ಗೊಂತಿಲ್ಲೆ. ಕೇಳೆಕ್ಕಾರೆ ಮದಲೇ ಕಾಗದ ತೆಗದು ಎದುರು ಮಡಗಿದವು. ಎದುರಾಣ ರೋಟರು 7.6, 7.5, 7.6. ಹಿಂದಾಣದ್ದು 7.3, 7.2, 7.4. 250 ಸುತ್ತಿನ ಲೆಕ್ಕಕ್ಕೆ ತಂದದು, ತಿಂಗಳೂ ಆಯಿದಿಲ್ಲೆ. ಎಂಗೊ ಅದರ ಮೇಲೆಯೂ ಎಂಗಳ ಗೇಜಿನ ಹಿಡುದೆಯೊ. ಅಜ್ಜ ನೆಗೆ ಮಾಡಿ ಕುರ್ಶಿ ತಂದು ಹತ್ರೆ ಕೂದು ನೋಡಿದವು, ಎನಗೂ ಒಂದು ಕುರ್ಶಿ ತಂದವು. ಸೂಜಿ ಸಮಕ್ಕೆ ಹಾರಿತ್ತು.

ಅವು ಹೋಪಗ ಎರಡು ಮಾತು ಹೇಳಿಕೊಟ್ಟವು, ಈ ಕಾರು ಮನೆಲಿಪ್ಪೋರಿಂಗೆ ಉಪಕಾರ ಅಕ್ಕು. ತಣ್ಪಿಲ್ಲಿ ಸ್ಟಾರ್ಟ್ ಮಾಡಿ, ಶೆಡ್ಡಿಂದ ಜಾಲಿಂಗೆ ತಂದು, ಅಷ್ಟಕ್ಕೇ ಆಫ್ ಮಾಡ್ಲಾಗ. ಒಳ ಪೆಟ್ರೋಲು ತುಂಬಿ ಪುನಃ ಸ್ಟಾರ್ಟ್ ಆಗ. ತೊಳವಲೆ ಹೆರ ತಂದರೂ ಸರೀ ಬೆಶಿ ಅಪ್ಪಲ್ಲಿ ವರೆಗೆ ಓಡುಸಿಕ್ಕಿಯೇ ನಿಲ್ಲುಸೆಕ್ಕು. ಮತ್ತೆ ಎಣ್ಣೆ. ಸೀಲು ಸವೆಯದ್ದ ಹಾಂಗೆ ಈ ಎಂಜಿನು ರಜ್ಜ ರಜ್ಜ ಎಣ್ಣೆಯ ತಾನೇ ಒಳ ಹಾಕಿ ಹೊತ್ತುಸುತ್ತು. ಎಣ್ಣೆ ಕಮ್ಮಿ ಆತು ಹೇಳಿ ಗಾಬರಿ ಬೇಡ, ಆದರೆ ನೋಡದ್ದೆ ಇಪ್ಪಲಾಗ. ದೇವರ ದೀಪಕ್ಕೆ ಎಣ್ಣೆ ನೋಡ್ತ ಹಾಂಗೆ ಪೆಟ್ರೋಲು ತುಂಬುಸುವಗ ಎಲ್ಲ ಕಡ್ಡಿ ತೆಗದು ನೋಡೆಕ್ಕಡ.

ಗೇಜು ಈಗ ಮಗಳ ಶೆಡ್ಡಿಲ್ಲಿ ಇದ್ದು. ಮೆಲ್ಬೋರ್ನಿಲ್ಲಿ ಮಕ್ಕೊ ಇಪ್ಪೋರು ಆರಾದರೂ ಕೇಳಿರೆ ಕೊಡ್ತು. ಅತ್ತೆಯ ಪುಳ್ಳಿಯುದೆ ಆರ್‌ಎಕ್ಸ್-8 ಹುಡುಕ್ಕುತ್ತಾ ಇದ್ದಡ, ಅವಂಗೂ ಕೊಡ್ತು. ಸಣ್ಣ ವಾಲ್ವಿನ ತೆಗದು ಮಾತ್ರೆಯ ಡಬ್ಬಿಲಿ ಹಾಕಿ ಮಡಗಿದ್ದು. ಗೇಜಿನ ವಾಪಾಸು ಕೊಡುವಗ ಆ ಡಬ್ಬಿಯನ್ನೂ ಕೊಟ್ಟಿಕ್ಕಿ.